ಗುಡ್ಡದ ಹೊಟ್ಟೆಯ ನೀರು

ಕುಂಬಳೆಯಿಂದ ಬದಿಯಡ್ಕದ ಕಡೆಗೆ ಹೊರಟ ಬಸ್ಸು ನಾಯ್ಕಾಪನ್ನು ದಾಟುವಷ್ಟರಲ್ಲಿ ಕಡಲ ಗಾಳಿ ಹಿಂದೆ ಉಳಿಯುತ್ತದೆ, ಮಣ್ಣಿನ ಬಣ್ಣ ಬದಲಾಗುತ್ತದೆ. ತೆಂಗಿನ ತೋಟಗಳ ಮರಳು ಮುಗಿದು ಕೆಂಪು ಮುರಕಲ್ಲಿನ ಬೋಳುಗುಡ್ಡಗಳು ಎದುರಾಗುತ್ತವೆ. ಮಳೆಗಾಲದಲ್ಲಿ ಈ ಗುಡ್ಡಗಳ ನೆತ್ತಿಯ ಮೇಲೆ ಹಸಿರು ಹುಲ್ಲು, ಅಲ್ಲಲ್ಲಿ ನಿಂತ ನೀರು, ನೀರಿನ ಅಂಚಿನಲ್ಲಿ ಪುಟ್ಟ ಹೂಗಳು. ಏಪ್ರಿಲಿನಲ್ಲಿ ಅದೇ ನೆತ್ತಿ ಕಾದ ಕಾವಲಿಯಂತಿರುತ್ತದೆ. ಬರಿಗಾಲಿನಲ್ಲಿ ಹತ್ತು ಹೆಜ್ಜೆ ನಡೆಯುವುದು ಕಷ್ಟ.

ಕಾಸರಗೋಡು ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆಯಾಗುತ್ತದೆ. ಲೆಕ್ಕ ಹಾಕಿ ನೋಡಿದರೆ ಒಂದು ಎಕರೆ ನೆಲದ ಮೇಲೆ ಒಂದು ವರ್ಷದಲ್ಲಿ ಬೀಳುವ ನೀರು 1 ಕೋಟಿ 40 ಲಕ್ಷ ಲೀಟರಿಗಿಂತ ಹೆಚ್ಚು. ಇಷ್ಟು ಮಳೆ ಸುರಿಯುವ ನಾಡಿನಲ್ಲಿ ಬೇಸಗೆ ಬಂದರೆ ನೀರಿನ ಲಾರಿಗಾಗಿ ಕೊಡ ಹಿಡಿದು ಕಾಯುವ ಮನೆಗಳಿವೆ. ಮಳೆಯ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳುಗಳಲ್ಲಿ ಸುರಿದು ಮುಗಿಯುತ್ತದೆ. ಗುಡ್ಡ ಕಡಿದಾದದ್ದು, ಕಡಲು ಹತ್ತಿರದ್ದು. ಬಿದ್ದ ನೀರು ತೋಡಿಗಿಳಿದು, ತೋಡು ಹೊಳೆಗೆ ಸೇರಿ, ಹೊಳೆ ಕಡಲನ್ನು ಮುಟ್ಟಲು ಬಹಳ ಹೊತ್ತು ಬೇಕಾಗುವುದಿಲ್ಲ. ಕಾಸರಗೋಡು ಪೇಟೆಯ ಹಿರಿಯರಿಗೆ ಇದರ ಇನ್ನೊಂದು ರುಚಿಯೂ ನೆನಪಿದೆ. ಚಂದ್ರಗಿರಿ ಹೊಳೆಯ ಹರಿವು ಬೇಸಗೆಯಲ್ಲಿ ಕುಗ್ಗಿದಾಗ ಕಡಲಿನ ಉಬ್ಬರ ಒಳನಾಡಿಗೆ ಏರುತ್ತಿತ್ತು. ಬಾವಿಕ್ಕರದಲ್ಲಿ ಶಾಶ್ವತ ತಡೆಗೋಡೆ ಬರುವವರೆಗೂ ಪೇಟೆಯ ನಲ್ಲಿಯಲ್ಲಿ ವರ್ಷ ವರ್ಷವೂ ಉಪ್ಪುನೀರು ಬರುತ್ತಿದ್ದುದು ಹೀಗೆ.

ಒಳನಾಡಿನ ಕೃಷಿಕರು ಈ ಓಡುವ ನೀರನ್ನು ಹಿಡಿಯಲು ಹೊಳೆಯ ಬಳಿಗೆ ಹೋಗಲಿಲ್ಲ. ಅವರು ಗುಡ್ಡದೊಳಕ್ಕೇ ನುಗ್ಗಿದರು.

ಮುರಕಲ್ಲಿನ ಗುಟ್ಟು

ಕುಂಬಳೆಯ ಸಮೀಪದ ಅನಂತಪುರದಲ್ಲಿ ಮುರಕಲ್ಲಿನ ನೆಲದ ನಡುವೆ ಒಂದು ಕೆರೆ, ಕೆರೆಯ ನಡುವೆ ಅನಂತಪದ್ಮನಾಭನ ಗುಡಿ. ಗುಡಿಯ ಬಬಿಯಾ ಎಂಬ ಮೊಸಳೆ 2022ರಲ್ಲಿ ತೀರಿಕೊಂಡಾಗ ಊರಿಗೆ ಊರೇ ಅದರ ಅಂತಿಮ ದರ್ಶನಕ್ಕೆ ಸೇರಿತ್ತು. ಸುತ್ತಲಿನ ಕಾದ ಬಂಡೆಯನ್ನು ನೋಡಿದವನಿಗೆ ಇಲ್ಲಿ ನೀರು ಎಲ್ಲಿಂದ ಬಂತು ಎಂಬ ಪ್ರಶ್ನೆ ಏಳದೆ ಇರದು. ಉತ್ತರ ಕಲ್ಲಿನಲ್ಲಿಯೇ ಇದೆ.

1800-01ರಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿದನು. ಮಲಬಾರಿನ ಅಂಗಾಡಿಪುರದಲ್ಲಿ ಜನರು ನೆಲದಿಂದ ಮೆತ್ತಗಿನ ಕೆಂಪು ಕಲ್ಲನ್ನು ಕತ್ತರಿಸಿ ತೆಗೆಯುವುದನ್ನೂ, ಗಾಳಿಗೆ ಒಡ್ಡಿದ ಮೇಲೆ ಅದು ಗಟ್ಟಿಯಾಗಿ ಇಟ್ಟಿಗೆಯ ಕೆಲಸಕ್ಕೆ ಬರುವುದನ್ನೂ ಕಂಡನು. ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಅದಕ್ಕೆ 'ಲ್ಯಾಟರೈಟ್' ಎಂದು ಹೆಸರಿಟ್ಟನು. 1807ರಲ್ಲಿ ಅಚ್ಚಾದ ಅವನ ಪ್ರವಾಸ ಕಥನದಿಂದ ಆ ಹೆಸರು ಜಗತ್ತಿನ ಭೂವಿಜ್ಞಾನಕ್ಕೆ ಹೋಯಿತು. ನಮ್ಮವರಿಗೆ ಅದು ಮುರಕಲ್ಲು. ಮನೆಯ ಗೋಡೆ, ಬಾವಿಯ ಕಟ್ಟೆ, ತೋಟದ ಅಗಳಿನ ದಂಡೆ ಎಲ್ಲವೂ ಅದರದೇ.

ಮುರಕಲ್ಲಿನ ಗುಡ್ಡವನ್ನು ಅಡ್ಡಕ್ಕೆ ಸೀಳಿದರೆ ಮೂರು ಪದರಗಳು ಕಾಣುತ್ತವೆ. ಎಲ್ಲಕ್ಕಿಂತ ಮೇಲೆ ಬಿಸಿಲಿಗೂ ಮಳೆಗೂ ಗಟ್ಟಿಯಾದ ಚಿಪ್ಪು. ಅದರ ಕೆಳಗೆ ಜೇನುಗೂಡಿನಂತೆ ತೂತು ತೂತಾದ ಕಲ್ಲು. ಅದರಡಿಯಲ್ಲಿ ಬಿಳಿ, ಹಳದಿ, ನಸುಗೆಂಪು ಬಣ್ಣದ ಜೇಡಿಮಣ್ಣು. ಚಿಪ್ಪಿನ ಬಿರುಕುಗಳಲ್ಲಿಯೂ ಗುಡ್ಡದ ಮಗ್ಗುಲಿನಲ್ಲಿಯೂ ಇಂಗಿದ ಮಳೆನೀರು ತೂತುಕಲ್ಲಿನಲ್ಲಿ ತುಂಬಿಕೊಳ್ಳುತ್ತದೆ. ಜೇಡಿಯ ಪದರವನ್ನು ಸುಲಭವಾಗಿ ದಾಟಲಾರದೆ ಅದರ ಮೇಲೆ ನಿಧಾನವಾಗಿ ಅಡ್ಡಲಾಗಿ ಸಾಗುತ್ತದೆ. ಆ ಸಾಗುವ ದಾರಿಗೆ ಎದುರಾಗಿ ಗುಡ್ಡದ ಮಗ್ಗುಲಿನಿಂದ ಒಂದು ಗುಹೆಯನ್ನು ಕೊರೆದರೆ ನೀರು ತಾನಾಗಿ ಹೊರಗೆ ಬರುತ್ತದೆ. ಏತ ಬೇಡ, ಪಂಪು ಬೇಡ, ವಿದ್ಯುತ್ತು ಬೇಡ. ಇದೇ ಸುರಂಗ.

ಕೋಲಿನ ಲೆಕ್ಕ

ಬದಿಯಡ್ಕದಿಂದ ಉತ್ತರಕ್ಕೆ ಪೆರ್ಲದ ದಾರಿ ಹಿಡಿದರೆ ಸುರಂಗಗಳ ನಾಡು ಆರಂಭವಾಗುತ್ತದೆ. ಶೇಣಿ, ಪಡ್ರೆ, ಬಾಯಾರು, ಗಡಿಯಾಚೆಯ ಮಾಣಿಲ, ಕೇಪು ಮೊದಲಾದ ಊರುಗಳಲ್ಲಿ ಮನೆಯ ಹಿಂದಿನ ದರೆಯಲ್ಲಿ ಒಂದು ಸುರಂಗವಾದರೂ ಇರುವುದು ಸಾಮಾನ್ಯ. ಕೆಲವು ಮನೆಗಳಿಗೆ ನಾಲ್ಕು, ಐದು. ಬಾಯಿ ಕಿರಿದು. ಒಬ್ಬನು ಬಗ್ಗಿ ನಡೆಯಬಲ್ಲಷ್ಟು ಎತ್ತರ, ಎರಡು ಭುಜ ತಾಗದಂತೆ ಹೋಗಬಲ್ಲಷ್ಟು ಅಗಲ. ಅಗಲ ಹೆಚ್ಚಾದರೆ ಮಾಡು ಕುಸಿದೀತು, ಕಡಿಮೆಯಾದರೆ ಪಿಕ್ಕಾಸು ಬೀಸಲು ಆಗದು.

ಸುರಂಗದ ಉದ್ದವನ್ನು ಅಳೆಯುವುದು ಮೀಟರಿನಲ್ಲಿ ಅಲ್ಲ, ಕೋಲಿನಲ್ಲಿ. ಒಂದು ಕೋಲೆಂದರೆ ಸುಮಾರು 72 ಸೆಂಟಿಮೀಟರ್. ಹತ್ತು ಕೋಲಿಗೇ ನೀರು ಸಿಕ್ಕಿದ ಅದೃಷ್ಟವಂತರಿದ್ದಾರೆ. ನೂರು ಕೋಲು, ಅಂದರೆ 72 ಮೀಟರ್ ದಾಟಿಯೂ ಒಣಮಣ್ಣನ್ನೇ ಹೊತ್ತವರಿದ್ದಾರೆ. ಕೊರೆಯುವವನ ಜೊತೆಗೆ ಒಳಗೆ ಒಂದು ದೀಪ ಹೋಗುತ್ತದೆ. ಅದು ಬೆಳಕು ಮಾತ್ರವಲ್ಲ, ಎಚ್ಚರಿಕೆಯೂ ಹೌದು. ಜ್ವಾಲೆ ಸಣ್ಣಗಾಗಿ ನಂದಿದರೆ ಅಲ್ಲಿನ ಗಾಳಿ ಉಸಿರಾಟಕ್ಕೆ ತಕ್ಕದ್ದಲ್ಲ, ಹಿಂದಿರುಗಬೇಕು ಎಂದರ್ಥ. ಉದ್ದದ ಸುರಂಗಗಳಿಗೆ ನಡುನಡುವೆ ಮೇಲಿನಿಂದ ಗಾಳಿಗಂಡಿಗಳನ್ನು ಇಳಿಸುವುದುಂಟು. ನೆಲವನ್ನು ಒಳಗೆ ಹೋದಂತೆ ತುಸುವೇ ಏರಿಸುತ್ತಾ ಹೋಗಬೇಕು, ಆಗಲೇ ಒಸರಿದ ನೀರು ಹೊರಗೆ ಹರಿಯುವುದು. ಹೊರಗೆ ಬಂದ ನೀರನ್ನು ಸೀಳಿದ ಅಡಿಕೆ ಮರದ ದಂಬೆ ಅಂಗಳದ ಟಾಂಕಿಗೋ ತೋಟದ ತಲೆಯಲ್ಲಿರುವ ಕೆರೆಗೋ ತಲಪಿಸುತ್ತದೆ. ಈಗ ದಂಬೆಯ ಜಾಗಕ್ಕೆ ಕಪ್ಪು ಪೈಪು ಬಂದಿದೆ.

ಅಡ್ಯನಡ್ಕದ ಹತ್ತಿರದ ಅಮೈ ಮಹಾಲಿಂಗ ನಾಯ್ಕರ ಹೆಸರು ಈ ಭಾಗದ ಮಕ್ಕಳಿಗೆ ಪರಿಚಿತ. ಹಗಲೆಲ್ಲ ಅಡಿಕೆ ಮರ ಹತ್ತುವ ಕೂಲಿಕೆಲಸ, ಆ ಬಳಿಕ ಒಬ್ಬರೇ ಗುಡ್ಡ ಕೊರೆಯುವ ಕೆಲಸ. ಒಂದರ ಮೇಲೊಂದು ಸುರಂಗ ವಿಫಲವಾದರೂ ಅವರು ಪಿಕ್ಕಾಸನ್ನು ಕೆಳಗಿಡಲಿಲ್ಲ. ಕೊನೆಗೆ ನೀರು ಬಂತು; ಬೋಳುಗುಡ್ಡದ ಮೇಲೆ ಅಡಿಕೆ, ತೆಂಗು, ಬಾಳೆಯ ತೋಟ ಎದ್ದಿತು. 2022ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ದೊರೆಯಿತು.

ವಿಶ್ವವಿದ್ಯಾಲಯ ಗುಡ್ಡಕ್ಕೆ ಬಂದಾಗ

ಸುರಂಗದ ಸುದ್ದಿಯನ್ನು ಹೊರಜಗತ್ತಿಗೆ ಮುಟ್ಟಿಸಿದವರಲ್ಲಿ ಈ ಮಣ್ಣಿನವರೇ ಆದ, 'ಅಡಿಕೆ ಪತ್ರಿಕೆ'ಯ ಶ್ರೀ ಪಡ್ರೆಯವರು ಮೊದಲಿಗರು. ಅವರ ಬರಹಗಳ ಬೆನ್ನಿಗೆ ಸಂಶೋಧಕರೂ ಬಂದರು. ಕೋಯಿಕ್ಕೋಡಿನ ಭಾರತೀಯ ಆಡಳಿತ ನಿರ್ವಹಣಾ ಸಂಸ್ಥೆಯ ವಿದ್ವಾಂಸರು ಕಾಸರಗೋಡಿನ ಎರಡು ವಿಷಯಗಳನ್ನು ಅಧ್ಯಯನಕ್ಕೆ ಎತ್ತಿಕೊಂಡರು. 2008ರಲ್ಲಿ ಪ್ರಕಟವಾದ ಅವರ ಲೇಖನ ತೋಡಿಗೆ ಅಡ್ಡವಾಗಿ ಕಟ್ಟುವ ತಾತ್ಕಾಲಿಕ ಕಟ್ಟಗಳನ್ನು ಕುರಿತದ್ದು. ಮಳೆ ನಿಂತು ಹರಿವು ಸಣ್ಣಗಾದ ಮೇಲೆ ಕಲ್ಲು, ಮಣ್ಣು, ಅಡಿಕೆ ಮರಗಳಿಂದ ಕಟ್ಟಿ, ಮುಂದಿನ ಮಳೆಗೆ ಬಿಟ್ಟುಕೊಡುವ ಈ ಕಟ್ಟಗಳಿಗೆ ಊರವರು ಹೇಗೆ ಒಂದುಗೂಡುತ್ತಾರೆ ಎಂಬುದು ಅಲ್ಲಿನ ಪ್ರಶ್ನೆ. 2010ರಲ್ಲಿ ಬಂದ ಇನ್ನೊಂದು ಲೇಖನ, ಬದಲಾಗುತ್ತಿರುವ ಕೃಷಿಯ ನಡುವೆ ಸುರಂಗಗಳು ಉಳಿಯುವವೇ ಎಂದು ಕೇಳಿತು. ಇಂಗ್ಲೆಂಡಿನ ಹರ್ಟ್‌ಫರ್ಡ್‌ಶೈರ್ ವಿಶ್ವವಿದ್ಯಾಲಯದ ಭೂಗೋಳ ವಿದ್ವಾಂಸರು ಗಡಿಯ ಈಚೆಗೂ ಆಚೆಗೂ ಇರುವ ಸುರಂಗಗಳನ್ನು ಕುರಿತು ಅಧ್ಯಯನ ನಡೆಸಿದರು.

ಇರಾನಿನಲ್ಲಿಯೂ ನೆಲದಡಿಯ ನೀರನ್ನು ಹೀಗೆ ತರುವ 'ಕನಾತ್' ಎಂಬ ವ್ಯವಸ್ಥೆಯಿದೆ. ಹೋಲಿಕೆ ಎದ್ದು ಕಾಣುವಂಥದ್ದು. ಆದರೆ ಕನಾತ್ ಕಿಲೋಮೀಟರುಗಟ್ಟಲೆ ಸಾಗಿ ಊರಿಗೆ ನೀರು ಕೊಡುತ್ತದೆ. ಅದರ ಹಂಚಿಕೆಗೆ ಊರಿನ ಕಟ್ಟುಪಾಡು ಬೇಕು. ಕಾಸರಗೋಡಿನ ಸುರಂಗ ಮನೆಯೊಂದರ ಸೊತ್ತು. ಬಾವಿ ತೋಡಿಸಲು ಹಣವಿಲ್ಲದವನೂ ತನ್ನ ದರೆಯಲ್ಲಿ, ತನ್ನ ತೋಳ ಬಲದಿಂದ, ಬಿಡುವಾದಾಗಲೆಲ್ಲ ಒಂದೊಂದು ಕೋಲಿನಂತೆ ಕೊರೆದುಕೊಳ್ಳಬಹುದಾಗಿತ್ತು.

ಈ ಬಗೆಯ ಅಧ್ಯಯನಗಳ ಬೆಲೆ ಎಲ್ಲಿದೆ? ಸುರಂಗ ಕೊರೆಯುವವನಿಗೆ ಯಾವ ದರೆಯಲ್ಲಿ ನೀರಿದೆಯೆಂಬುದು ಗೊತ್ತಿತ್ತು. ಗಿಡಮರಗಳ ಹಸಿರು, ಗೆದ್ದಲ ಹುತ್ತ, ಮಣ್ಣಿನ ತಂಪು ಅವನಿಗೆ ಸುಳಿವು. ಆದರೆ ಪಕ್ಕದ ಗುಡ್ಡದಲ್ಲಿ ಹೊಸದಾಗಿ ಕೊರೆದ ಕೊಳವೆಬಾವಿ ತನ್ನ ಸುರಂಗವನ್ನು ಏನು ಮಾಡೀತು ಎಂಬುದು ಅವನ ಅನುಭವದೊಳಗೆ ಇರಲಿಲ್ಲ. ಕೊಳವೆಬಾವಿ ಜೇಡಿಯ ಪದರವನ್ನು ಭೇದಿಸಿ ಕೆಳಗಿನ ಗಟ್ಟಿ ಬಂಡೆಗೆ ಇಳಿಯುತ್ತದೆ. ಮೇಲ್ಭಾಗದ ಕೇಸಿಂಗ್ ಸರಿಯಾಗಿ ಕೂರದಿದ್ದರೆ ತೂತುಕಲ್ಲಿನಲ್ಲಿ ನಿಂತಿದ್ದ ನೀರಿಗೆ ಕೆಳಗಿಳಿಯುವ ದಾರಿ ತೆರೆಯುತ್ತದೆ. ಗುಡ್ಡದ ನೆತ್ತಿಯನ್ನು ಯಂತ್ರದಿಂದ ಕೊಯ್ದು ಮುರಕಲ್ಲು ಸಾಗಿಸಿದರೆ ನೀರನ್ನು ಹಿಡಿದಿಡುವ ಪದರವೇ ಲಾರಿ ಹತ್ತಿ ಹೋಗುತ್ತದೆ. ಸುರಂಗ ಒಂದೇ ದಿನ ಬತ್ತುವುದಿಲ್ಲ. ಮೊದಲು ಪತ್ತನಾಜೆಯವರೆಗೂ ಬರುತ್ತಿದ್ದ ನೀರು ಒಂದು ವರ್ಷ ಏಪ್ರಿಲಿಗೆ ನಿಲ್ಲುತ್ತದೆ, ಇನ್ನೊಂದು ವರ್ಷ ಮಾರ್ಚಿಗೆ. ಅಳೆದು ಬರೆದಿಡದೆ ಹೋದರೆ ಇದು ಯಾರ ಗಮನಕ್ಕೂ ಬಾರದೆ ಕಳೆದುಹೋಗುವ ನಷ್ಟ.

ತಿಳಿನೀರಿನೊಳಗೆ ಕಾಣದ್ದು

ಪೆರ್ಲದಿಂದ ಮುಂದೆ ಸಾಗಿದರೆ ಎಣ್ಮಕಜೆ ಪಂಚಾಯತಿನ ಪಡ್ರೆ ಗ್ರಾಮ. ಅದರೊಳಗೆ ವಾಣೀನಗರ, ಸ್ವರ್ಗ. ಸ್ವರ್ಗವೆಂಬ ಹೆಸರು ಇಲ್ಲಿನ ಕಣಿವೆಗೆ ಒಪ್ಪುವಂಥದ್ದು: ಎರಡೂ ಕಡೆ ಗುಡ್ಡ, ತಳದಲ್ಲಿ ತೋಡು, ತೋಡಿನ ಇಕ್ಕೆಲದಲ್ಲಿ ಅಡಿಕೆ ತೋಟ. ನೀರು ಅಡಿಯ ಕಲ್ಲು ಕಾಣುವಷ್ಟು ತಿಳಿ.

ಈ ಗುಡ್ಡಗಳ ಮೇಲೆ ಸರಕಾರಿ ಒಡೆತನದ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳಿವೆ. ಜಿಲ್ಲೆಯಲ್ಲಿ ಒಟ್ಟು ಸುಮಾರು 4,600 ಹೆಕ್ಟೇರ್. ಚಹಾ ಸೊಳ್ಳೆ ಎಂಬ ಕೀಟವನ್ನು ಕೊಲ್ಲಲು 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಗೇರುಮರ ಗುಡ್ಡದ ನೆತ್ತಿಯಲ್ಲಿ, ಮನೆ ಗುಡ್ಡದ ಬುಡದಲ್ಲಿ, ನಡುವೆ ಸುರಂಗ. ನೆತ್ತಿಯ ಮೇಲೆ ಬಿದ್ದದ್ದು ಮಳೆಯೊಂದಿಗೆ ಇಳಿಯಬೇಕಾದದ್ದು ಮನೆಯ ಕಡೆಗೇ. ಕರುಗಳು ಅಂಗವಿಕಲವಾಗಿ ಹುಟ್ಟುವುದನ್ನು, ಜೇನ್ನೊಣಗಳು ಇಲ್ಲವಾಗುವುದನ್ನು, ಆಮೇಲೆ ಮನೆ ಮನೆಯಲ್ಲಿ ಮಕ್ಕಳು ನರಳುವುದನ್ನು ಊರವರು ಕಂಡರು. ಕಂಡದ್ದನ್ನು ಹೇಳಿದಾಗ ಮೊದಲು ಸಿಕ್ಕಿದ ಉತ್ತರ ಪುರಾವೆ ಎಲ್ಲಿದೆ ಎಂಬುದು.

ಪುರಾವೆ ಎಂಬುದು ಪ್ರಯೋಗಾಲಯದ ಮಾತು. 2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಪಡ್ರೆಯಿಂದ ನೀರು, ಮಣ್ಣು, ಆಹಾರ, ರಕ್ತ, ತಾಯಿಯ ಹಾಲಿನ ಮಾದರಿಗಳನ್ನು ಒಯ್ದು ಪರೀಕ್ಷಿಸಿ ವಿಷದ ಅಂಶ ಇದೆಯೆಂದಿತು. ಇನ್ನೊಂದು ಪ್ರಯೋಗಾಲಯ ಇಲ್ಲವೆಂದಿತು. ಆಗ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ತಂಡ ಬಂದಿತು. ಅದು ಆಯ್ದುಕೊಂಡ ದಾರಿ ಶಾಲೆಯದು. ಪಡ್ರೆಯ ಶಾಲಾಮಕ್ಕಳನ್ನೂ, ಅದೇ ಬಗೆಯ ಜೀವನವಿದ್ದರೂ ಸಿಂಪಡಣೆ ನಡೆಯದ ಮೀಂಜ ಪಂಚಾಯತಿನ ಶಾಲಾಮಕ್ಕಳನ್ನೂ ಅದು ಹೋಲಿಸಿ ನೋಡಿತು. ಅದರ ಒಂದು ಭಾಗವಾಗಿ 117 ಮತ್ತು 90 ಹುಡುಗರ ನಡುವಿನ ಹೋಲಿಕೆ 2003ರಲ್ಲಿ ಅಂತರರಾಷ್ಟ್ರೀಯ ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟವಾಯಿತು. ಪಡ್ರೆಯ ಹುಡುಗರ ರಕ್ತದಲ್ಲಿ ಎಂಡೋಸಲ್ಫಾನ್ ಹೆಚ್ಚಾಗಿತ್ತು, ಅವರ ಬೆಳವಣಿಗೆಯ ಪ್ರಾಯ ಹಿಂದೆ ಬಿದ್ದಿತ್ತು ಎಂಬುದು ಅದರ ಸಾರ. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ದೇಶದಲ್ಲಿ ಎಂಡೋಸಲ್ಫಾನಿನ ತಯಾರಿ ಮತ್ತು ಮಾರಾಟವನ್ನು ತಡೆಯಿತು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಆದೇಶಿಸಿತು. ಎರಡು ಊರುಗಳ ಶಾಲಾಮಕ್ಕಳು ನೀಡಿದ ರಕ್ತದ ಹನಿಗಳು ವಾದವೊಂದನ್ನು ಇತ್ಯರ್ಥದ ಹತ್ತಿರ ತಂದವು.

ಇದರಲ್ಲಿ ನೀರಿನ ಪರೀಕ್ಷೆಯ ಬಗ್ಗೆ ಕಲಿಯಬೇಕಾದ ಪಾಠವೊಂದಿದೆ. ಎಂಡೋಸಲ್ಫಾನ್ ನೀರಿನಲ್ಲಿ ಹೆಚ್ಚು ಕರಗುವುದಿಲ್ಲ. ಮಣ್ಣಿನ ಕಣಕ್ಕೆ, ತೋಡಿನ ಕೆಸರಿಗೆ ಅಂಟಿಕೊಳ್ಳುತ್ತದೆ. ಅಲ್ಲಿ ಮೆಲ್ಲನೆ ರೂಪ ಬದಲಿಸಿ ಇನ್ನೂ ಹೆಚ್ಚು ಕಾಲ ಉಳಿಯುವ ಸಲ್ಫೇಟ್ ಆಗುತ್ತದೆ. ಆದುದರಿಂದ ಬೇಸಗೆಯ ತಿಳಿನೀರಿನ ಒಂದು ಶೀಸೆಯನ್ನು ಮಾತ್ರ ಪರೀಕ್ಷಿಸಿದವನಿಗೆ ಏನೂ ಕಾಣದಿರಬಹುದು. ಕೆಸರನ್ನು, ಮೊದಲ ಮಳೆಯ ಕೆಂಪುನೀರನ್ನು ಪರೀಕ್ಷಿಸಿದವನಿಗೆ ಬೇರೆಯೇ ಉತ್ತರ ಸಿಕ್ಕೀತು. ನೀರನ್ನು ಎಲ್ಲಿಂದ, ಯಾವ ತಿಂಗಳು, ಹೇಗೆ ತೆಗೆಯಲಾಯಿತು ಎಂಬುದನ್ನು ಕೇಳದೆ ವರದಿಯ ಕೊನೆಯ ಸಾಲನ್ನು ಮಾತ್ರ ಓದಬಾರದು.

ವಿಷವಿಲ್ಲದ ಊರಿನ ಸುರಂಗದ ನೀರೂ ಪರೀಕ್ಷೆಗೆ ಹೊರತಲ್ಲ. ಮುರಕಲ್ಲಿನ ನೀರು ಸಾಮಾನ್ಯವಾಗಿ ಮೃದು, ಸುಣ್ಣದ ಅಂಶ ಕಡಿಮೆ, ತುಸು ಆಮ್ಲದ ಕಡೆಗೆ ವಾಲಿದ್ದು. ಕುಡಿಯುವ ನೀರಿಗೆ ಭಾರತೀಯ ಮಾನಕ ಹೇಳುವ ಪಿಎಚ್ 6.5ರಿಂದ 8.5, ಮುರಕಲ್ಲು ನಾಡಿನ ಎಷ್ಟೋ ಬಾವಿಗಳು ಕೆಳಗಿನ ಗೆರೆಗಿಂತ ಕೆಳಗಿವೆ. ಕಬ್ಬಿಣದ ಅಂಶ ಹೆಚ್ಚಿದ್ದಲ್ಲಿ ಟಾಂಕಿಯ ಅಂಚು ಕೆಂಪೇರುತ್ತದೆ. ಸುರಂಗದ ಕತ್ತಲಿನಲ್ಲಿ ಬಾವಲಿಗಳು ಮನೆ ಮಾಡಿಕೊಳ್ಳುತ್ತವೆ. ಬಾಯಿಗೆ ಬಲೆ ಹಾಕುವುದು, ಟಾಂಕಿಗೆ ಮುಚ್ಚಳ ಇಡುವುದು, ಕುಡಿಯುವ ನೀರನ್ನು ಕುದಿಸುವುದು ಇವೆಲ್ಲ ಹಳೆಯ ಮನೆಗಳಲ್ಲಿ ಅಜ್ಜಿಯಂದಿರು ಹೇಳುತ್ತಿದ್ದ ಮಾತುಗಳೇ.

ಒಂದು ಬಕೆಟ್, ಒಂದು ಗಡಿಯಾರ

ಜಿಲ್ಲೆಯೊಳಗೇ ಪೆರಿಯದಲ್ಲಿ 2009ರಲ್ಲಿ ಸ್ಥಾಪನೆಯಾದ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯವಿದೆ; ಅಲ್ಲಿ ಭೂವಿಜ್ಞಾನ, ಪರಿಸರ ವಿಜ್ಞಾನ ವಿಭಾಗಗಳಿವೆ. ಕೋಯಿಕ್ಕೋಡಿನಲ್ಲಿ 1978ರಿಂದ ಜಲಸಂಪನ್ಮೂಲ ಸಂಶೋಧನಾ ಕೇಂದ್ರವಿದೆ. ಇವುಗಳ ವರದಿಗಳು ಇಂಗ್ಲಿಷಿನಲ್ಲಿ, ಪಂಚಾಯತಿನ ಸುತ್ತೋಲೆಗಳು ಮಲೆಯಾಳದಲ್ಲಿ. ಆದರೆ ಸುರಂಗ, ಕೋಲು, ದಂಬೆ, ಕಟ್ಟ, ಮದಕ ಎಂಬ ಮಾತುಗಳು ಇರುವುದು ಕನ್ನಡ, ತುಳು ಆಡುವ ಮನೆಗಳಲ್ಲಿ. ಮಾತು ತಿಳಿದವರಿಗೆ ವರದಿ ತಲಪುವುದಿಲ್ಲ, ವರದಿ ಬರೆಯುವವರಿಗೆ ಮಾತು ತಲಪುವುದಿಲ್ಲ. ಈ ಅಂತರವನ್ನು ತುಂಬಲು ಕನ್ನಡ ಮಾಧ್ಯಮದ ಶಾಲೆಗಿಂತ ತಕ್ಕ ಜಾಗ ಇನ್ನೊಂದಿಲ್ಲ.

ಕೆಲಸ ದೊಡ್ಡದಲ್ಲ. ಸುರಂಗದ ಪೈಪಿನ ಕೆಳಗೆ 10 ಲೀಟರಿನ ಬಕೆಟ್ ಇಟ್ಟು ತುಂಬಲು ಎಷ್ಟು ಹೊತ್ತಾಯಿತೆಂದು ನೋಡಿದರೆ ಸಾಕು. ದಶಂಬರದಲ್ಲಿ 50 ಸೆಕೆಂಡಿಗೆ ತುಂಬಿದರೆ ನಿಮಿಷಕ್ಕೆ 12 ಲೀಟರ್, ದಿನಕ್ಕೆ 17,280 ಲೀಟರ್. ಅದೇ ಬಕೆಟ್ ಮೇ ತಿಂಗಳಲ್ಲಿ 5 ನಿಮಿಷ ತೆಗೆದುಕೊಂಡರೆ ದಿನಕ್ಕೆ 2,880 ಲೀಟರ್. ಒಬ್ಬರಿಗೆ ದಿನಕ್ಕೆ 55 ಲೀಟರ್ ಎಂಬ ಸರಕಾರಿ ಲೆಕ್ಕ ಹಿಡಿದರೆ ಅಷ್ಟೂ ಐವತ್ತು ಜನರ ಮನೆಬಳಕೆಗೆ ಸಾಕು, ತೋಟಕ್ಕೆ ಸಾಲದು. ತಿಂಗಳಿಗೊಮ್ಮೆ ಹೀಗೆ ಅಳೆದು ತಾರೀಕಿನೊಂದಿಗೆ ನೋಟು ಪುಸ್ತಕದಲ್ಲಿ ಬರೆದರೆ, ಐದು ವರ್ಷ ಕಳೆದ ಮೇಲೆ ಆ ಪುಸ್ತಕ ಯಾವ ವಿಶ್ವವಿದ್ಯಾಲಯದ ಸಂಶೋಧಕನಿಗೂ ಬೇಕಾದ ವಸ್ತುವಾಗುತ್ತದೆ. ಸುರಂಗ ಬತ್ತಿತೆಂದು ಪಂಚಾಯತಿನ ಮುಂದೆ ಹೇಳುವ ದಿನ ಬಂದರೆ, ಪುರಾವೆ ಎಲ್ಲಿದೆ ಎಂಬ ಪ್ರಶ್ನೆಗೆ ಅದು ಉತ್ತರ. ಮಕ್ಕಳು ಅಳೆಯಬೇಕಾದದ್ದು ಹೊರಗಿನ ಪೈಪಿನಲ್ಲಿ ಮಾತ್ರ. ಹಳೆಯ ಸುರಂಗದೊಳಕ್ಕೆ ಹೋಗುವುದು ಬಲ್ಲ ಹಿರಿಯರ ಕೆಲಸ.

ಸ್ವರ್ಗದ ತೋಡಿಗೆ ಕಟ್ಟಗಳನ್ನು ಮತ್ತೆ ಕಟ್ಟುವ ಕೆಲಸಕ್ಕೆ ಊರವರು ಕೈಹಾಕಿದ್ದಾರೆ. ಕಟ್ಟ ಕಟ್ಟಿದ ಕಡೆ ತೋಡಿನ ನೀರು ನಿಂತು ಇಕ್ಕೆಲದ ನೆಲಕ್ಕೆ ಇಂಗುತ್ತದೆ, ಹತ್ತಿರದ ಬಾವಿಗಳ ಮಟ್ಟ ಏರುತ್ತದೆ. ಆದರೆ ಕಟ್ಟ ಕಾಯುವುದು ಕಣಿವೆಯ ನೀರನ್ನು. ಸುರಂಗಕ್ಕೆ ಬೇಕಾದದ್ದು ಮೇಲಿನ ನೆಲ. ಗುಡ್ಡದ ನೆತ್ತಿಯ ಹುಲ್ಲು, ಪೊದೆ, ಮದಕ, ಬಿರುಕು ಇವು ಉಳಿದರೆ ಒಳಗೆ ನೀರು ಉಳಿಯುತ್ತದೆ. ನೆತ್ತಿಯ ಮೇಲೆ ಸುರಿದದ್ದು ಒಳ್ಳೆಯದಾದರೆ ಬುಡದಲ್ಲಿ ಬರುವುದೂ ಒಳ್ಳೆಯದು.

ಪಡ್ರೆಯ ಸುರಂಗದ ಬಾಯಲ್ಲಿ ನಿಂತರೆ ಒಳಗಿನಿಂದ ತಣ್ಣನೆಯ ಗಾಳಿ ಮುಖಕ್ಕೆ ತಾಗುತ್ತದೆ, ದೂರದಲ್ಲೆಲ್ಲೋ ಹನಿ ಬೀಳುವ ಸದ್ದು ಕೇಳುತ್ತದೆ. ಹೊರಗೆ ಪೈಪಿನ ತುದಿಯಲ್ಲಿ ಕಿರುಬೆರಳಿನಷ್ಟು ದಪ್ಪದ ನೀರು ಟಾಂಕಿಗೆ ಬೀಳುತ್ತಿರುತ್ತದೆ. ಆ ಮನೆಯ ಮುಂದಿನ ಬೇಸಗೆಯ ಲೆಕ್ಕವೆಲ್ಲ ಅಷ್ಟು ನೀರಿನಲ್ಲಿದೆ.